ಚಂದಕ್ಕೂ ಬೇಕಾದ ಕನ್ನಡಕ

ಬಿಸಿಲನ್ನು ಹೊಗಳಿ ಬರೆಯುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎಳೆಬಿಸಿಲು, ಹೊಂಬಿಸಿಲು ಎಂದು ಹಾಡುವವರು ಒಮ್ಮೆಯಾದರೂ ಮಾರ್ಚ್-ಏಪ್ರಿಲಿನ ಸುಗ್ಗಿ ತಿಂಗಳಿನ ಮಂಗಳೂರಿನಲ್ಲಿ, ಸುಣ್ಣ ಬಳಿದ ಗೋಡೆಯ ಎದುರು, ಬಿಳಿ ಮುಂಡಿನ ಮೇಲೆ ಹರಡಿದ ಬಿಳಿ ಸಂಡಿಗೆಯನ್ನು ಕಾಗೆಗಳಿಂದ ಕಾಯುತ್ತ ಕೂತಿದ್ದರೆ ಅವರ ಬಾಯಿಂದ ಆ ಮಾತು ಬರುತ್ತಿರಲಿಲ್ಲ. ನಾನು ಕೂತಿದ್ದೇನೆ. ಬುದ್ಧಿ ಬಂದಾಗಿನಿಂದ ಲಂಗ ಬಿಟ್ಟು ಸೀರೆ ಉಡುವವರೆಗೆ ಪ್ರತಿ ವರ್ಷ ಕೂತಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಖಾರವಾದರೆ ಓದುವವರು ಸಹಿಸಿಕೊಳ್ಳಬೇಕು. ಸಹಿಸದಿದ್ದರೂ ನನಗೇನೂ ಆಗಬೇಕಾದ್ದಿಲ್ಲ.

ನಮ್ಮ ಮನೆ ಇದ್ದದ್ದು ಬಲ್ಮಠದ ಏರು ಇಳಿದು ಬಂದರೆ ಸಿಗುವ ಒಂದು ಓಣಿಯಲ್ಲಿ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ರಸ್ತೆಗೆ ಮುಖ ಮಾಡಿದ ಜಗಲಿ, ಹಿಂದೆ ಅಂಗಳ, ಅಂಗಳದ ಮೂಲೆಯಲ್ಲಿ ಬಾವಿ. ಮನೆಯಲ್ಲಿ ನಾವು ನಾಲ್ಕೇ ಜನ. ಅಜ್ಜಿ, ಅಜ್ಜಿಯ ಮಗ ಅಂದರೆ ನನ್ನ ಮಾವ, ಅಜ್ಜಿಯ ಮಗಳು ಅಂದರೆ ನನ್ನ ಅಮ್ಮ, ಮತ್ತು ನಾನು. ಅಪ್ಪ ನನಗೆ ನೆನಪು ನಿಲ್ಲುವ ಮೊದಲೇ ತೀರಿಕೊಂಡಿದ್ದರು. ಅವರು ಇದ್ದಿದ್ದರೂ ಯಜಮಾನಿಕೆ ಮಾವನದ್ದೇ, ಯಾಕೆಂದರೆ ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಮಾವ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮದುವೆಯಾಗಿರಲಿಲ್ಲ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಎರಡು ಪೆನ್ನು. ಓಣಿಯವರು ಅವರನ್ನು 'ರೈಟರ್‌ರು' ಎಂದೇ ಕರೆಯುತ್ತಿದ್ದರು, ಮತ್ತು ಆ 'ರು' ತಮ್ಮ ಮೈಮೇಲೆ ಸರಿಯಾಗಿ ಕೂತಿದೆಯೇ ಎಂದು ಮಾವ ದಿನಾ ಪರೀಕ್ಷಿಸಿಕೊಳ್ಳುತ್ತಿದ್ದರು. ಅವರು ಕೆಟ್ಟವರಲ್ಲ. ಊಟಕ್ಕೆ ಕೂತಾಗ ಬೂತಾಯಿ ಮೀನಿನಲ್ಲಿ ದೊಡ್ಡದನ್ನು ನನ್ನ ಬಟ್ಟಲಿಗೆ ಹಾಕುವವರೂ ಅವರೇ. ಆದರೆ ಯಾರು ಎಂತ ಹೇಳುತ್ತಾರೆ ಎಂಬ ಒಂದು ಹೆದರಿಕೆ ಅವರ ಹೊಟ್ಟೆಯೊಳಗೆ ಸದಾ ಇತ್ತು, ಅದು ನಮ್ಮೆಲ್ಲರ ಅನ್ನವನ್ನೂ ಸ್ವಲ್ಪ ಕಹಿ ಮಾಡುತ್ತಿತ್ತು.

ಅಡಿಗೆಮನೆ ಕತ್ತಲೆ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು, ಅದರಿಂದ ಇಳಿಯುವ ಬೆಳಕಿನ ಕೋಲು ಬೆಳಿಗ್ಗೆ ಒಲೆಯ ಹತ್ತಿರ, ಮಧ್ಯಾಹ್ನ ಅರೆಯುವ ಕಲ್ಲಿನ ಹತ್ತಿರ. ಗಂಜಿ ಉಣ್ಣುವಾಗ ಆ ಬೆಳಕು ನನ್ನ ಬಟ್ಟಲಿಗೆ ಬಂದರೆ ನಾನು ಬಟ್ಟಲು ಎಳೆದುಕೊಂಡು ಆಚೆ ಸರಿಯುತ್ತಿದ್ದೆ. ಅದಕ್ಕೆ ಕಾರಣ ಕೆಂಗಣ್ಣು. ನಾನು ಆರನೆಯ ಕ್ಲಾಸಿನಲ್ಲಿದ್ದ ವರ್ಷ ಓಣಿಗೆ ಓಣಿಯೇ ಕಣ್ಣು ಕೆಂಪು ಮಾಡಿಕೊಂಡು ಕೂತಿತ್ತು. ಎಲ್ಲರದ್ದೂ ವಾರದಲ್ಲಿ ಇಳಿಯಿತು, ನನ್ನದು ಇಳಿಯಲಿಲ್ಲ. ಅಜ್ಜಿ ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಸಿ ಆ ನೀರು ಬಿಟ್ಟಳು, ದೃಷ್ಟಿ ತೆಗೆದಳು, ದೈವಕ್ಕೆ ಹರಕೆ ಹೇಳಿದಳು. ತಿಂಗಳ ಮೇಲೆ ನೋವು ಹೋಯಿತು. ಆದರೆ ಅಂದಿನಿಂದ ಬಿಸಿಲಿಗೆ ಕಾಲಿಟ್ಟರೆ ಸಾಕು, ಕಣ್ಣಿನೊಳಗೆ ಉಪ್ಪು ಉಜ್ಜಿದ ಹಾಗೆ. ನೀರು ಧಾರೆಯಾಗಿ ಸುರಿಯುತ್ತಿತ್ತು, ರೆಪ್ಪೆ ತಾನಾಗಿ ಮುಚ್ಚುತ್ತಿತ್ತು. ಶಾಲೆಯಲ್ಲಿ ಹುಡುಗಿಯರು 'ಕೆಂಗಣ್ಣಿ' ಎಂದು ಹೆಸರಿಟ್ಟರು. ಮನೆಯಲ್ಲಿ ಮಾವ ಕಾರಣವನ್ನೂ ಕಂಡುಹಿಡಿದರು.

"ಇದು ಓದಿ ಓದಿ ಆದದ್ದು. ಹೆಣ್ಣುಮಕ್ಕಳಿಗೆ ಇಷ್ಟು ಓದು ಎಂತಕ್ಕೆ? ಈ ವರ್ಷಕ್ಕೆ ಬಿಡಿಸುವ."

ನಾನು ಅಷ್ಟರಲ್ಲಿ ಎಂಟನೆಯ ಕ್ಲಾಸು. ಇದ್ದ ಒಂದೇ ಆಸೆ ಹೈಸ್ಕೂಲಿಗೆ ಹೋಗುವುದು. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನಾನು ಲೆಕ್ಕದಲ್ಲಿ ಜೋರಿದ್ದೆ, ಮತ್ತು ಸಂಡಿಗೆ ಕಾಯುತ್ತ ಮುದುಕಿಯಾಗಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. ಸುಗ್ಗಿಯ ಕೊನೆಗೆ ಪರೀಕ್ಷೆ. ಅದನ್ನು ಬರೆಯದಿದ್ದರೆ ಅಲ್ಲಿಗೆ ಮುಗಿಯಿತು. ಶಾಲೆ ಏರು ಹತ್ತಿ ಇಪ್ಪತ್ತು ನಿಮಿಷದ ದಾರಿ, ಆ ದಾರಿಗೆ ಒಂದು ಮರದ ನೆರಳಿರಲಿಲ್ಲ. ಓದುವುದರಿಂದಲ್ಲ, ಬಿಸಿಲಿನಿಂದ ಕಣ್ಣು ನೋಯುವುದು ಎಂದು ನಾನು ಎಷ್ಟು ಹೇಳಿದರೂ ಮಾವನ ಕಿವಿಗೆ ಹೋಗಲಿಲ್ಲ. ಓಣಿಯ ತುದಿಯ ಮನೆಯ ಯಾರೋ ಕೂಲಿಂಗ್ ಗ್ಲಾಸ್ ತೆಗೆಸಿಕೊಡಿ ಎಂದು ಸಲಹೆ ಕೊಟ್ಟದ್ದೇ ತಪ್ಪಾಯಿತು. ಮಾವನ ಮುಖ ಕೆಂಪಾಯಿತು. ಆ ಕಾಲದಲ್ಲಿ ನಮ್ಮ ಓಣಿಗೆ ಗೊತ್ತಿದ್ದ ಹಾಗೆ ಕಪ್ಪು ಕನ್ನಡಕ ಹಾಕುವವರು ಎರಡೇ ಜಾತಿ: ಕಣ್ಣು ಕಾಣದವರು ಮತ್ತು ಸಿನಿಮಾದವರು. ಮೊದಲನೆಯವರ ಪಟ್ಟಿಗೆ ಸೇರಿದರೆ ಮದುವೆ ಇಲ್ಲ, ಎರಡನೆಯವರ ಪಟ್ಟಿಗೆ ಸೇರಿದರೆ ಮಾನ ಇಲ್ಲ ಎಂಬುದು ಮಾವನ ಲೆಕ್ಕ.

ಆದರೂ ಅಮ್ಮ ಬೇಡಿಕೊಂಡ ಮೇಲೆ ಒಂದು ಉಪಾಯ ತೆಗೆದರು. ನಮ್ಮ ಮನೆಯಲ್ಲಿ ಯಾವುದನ್ನೂ ಹೊಸದಾಗಿ ತರುವ ಕ್ರಮ ಇರಲಿಲ್ಲ. ಮಾವ ಉಡುವ ಮುಂಡು ಹಳತಾದರೆ ಸಂಡಿಗೆ ಹರಡುವ ಬಟ್ಟೆ, ಅದೂ ಹಳತಾದರೆ ಮೈ ಒರಸುವ ಬೈರಾಸು, ಕೊನೆಗೆ ನೆಲ ಒರಸುವ ಚಿಂದಿ. ಅದೇ ಕ್ರಮದಲ್ಲಿ, ಅಜ್ಜಿಗೆ ಕಣ್ಣಿನ ಪೊರೆ ತೆಗೆದಾಗ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕಪ್ಪು ಕನ್ನಡಕ ಪೆಟ್ಟಿಗೆಯಿಂದ ಹೊರಬಂತು. ಮಸಿಯಷ್ಟು ಕಪ್ಪು. ಕಪ್ಪು ಜಾಸ್ತಿಯಾದಷ್ಟೂ ತಂಪು ಜಾಸ್ತಿ ಎಂದು ಮನೆಯ ನಾಲ್ವರೂ ನಂಬಿದೆವು, ನಾನೂ ನಂಬಿದೆ. ಅಜ್ಜಿಯ ಅಗಲ ಮುಖಕ್ಕೆ ಮಾಡಿದ್ದು ನನ್ನ ಮೂಗಿನ ಮೇಲೆ ನಿಲ್ಲದೆ ಜಾರುತ್ತಿತ್ತು, ಅದಕ್ಕೆ ಅಮ್ಮ ಹಿಂದಿನಿಂದ ಒಂದು ನೂಲು ಕಟ್ಟಿದಳು. ಹಾಗೆ ನಾನು ಶಾಲೆಗೆ ಹೋದೆ. 'ಕೆಂಗಣ್ಣಿ' ಹೋಗಿ 'ಕುರುಡಿ' ಆದೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಎದುರಿಗೆ ಕತ್ತಲೆ, ಎರಡೂ ಬದಿಯ ಸಂದಿಯಿಂದ ಚೂರಿಯ ಹಾಗೆ ಬಿಸಿಲು. ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತಿತ್ತು. ನಾಲ್ಕನೆಯ ದಿನ ಶಾಲೆಯ ಮೆಟ್ಟಿಲು ಕಾಣದೆ ಬಿದ್ದು ಮೊಣಕಾಲು ಒಡೆದುಕೊಂಡೆ, ಎದ್ದು ನೋಡಿದರೆ ಒಂದು ಹುಡುಗಿ ಕುರುಡು ಭಿಕ್ಷುಕರನ್ನು ಹಿಡಿದು ನಡೆಸುವ ಹಾಗೆ ನನ್ನ ಕೈ ಹಿಡಿದಿದ್ದಳು. ಮನೆಗೆ ಬಂದವಳೇ ಹಿಂದಿನ ಅಂಗಳಕ್ಕೆ ಹೋಗಿ ಕನ್ನಡಕವನ್ನು ಬಾವಿಗೆ ಹಾಕಿದೆ. ಸಂಜೆ ವಿಚಾರಣೆ ಆಯಿತು.

"ಕೈ ತಪ್ಪಿ ಬಿತ್ತಾ?" ಅಮ್ಮ ಕೇಳಿದಳು. ಹೌದು ಎನ್ನು ಎಂದು ಅವಳ ಕಣ್ಣೇ ಹೇಳಿಕೊಡುತ್ತಿತ್ತು.

"ಇಲ್ಲ. ಹಾಕಿದ್ದು."

"ಎಂತಕ್ಕೆ ಹಾಕಿದ್ದು?" ಮಾವ ಕೇಳಿದರು.

"ಅದರಲ್ಲಿ ಕಣ್ಣು ಇನ್ನೂ ಹಾಳಾಗ್ತದೆ. ಮತ್ತೆ ನಾನು ಕುರುಡಿ ಅಲ್ಲ."

ಮಾವನ ಕೊಡೆಯ ಹಿಡಿ ನನ್ನ ಬೆನ್ನಿಗೆ ಎರಡು ಸಲ ಬಿತ್ತು. ಮೂಲೆಯಲ್ಲಿ ವೀಳ್ಯ ಜಜ್ಜುತ್ತಿದ್ದ ಅಜ್ಜಿ ತಲೆ ಎತ್ತದೆ ಅಂದಳು: "ಹೋದದ್ದು ಒಳ್ಳೆದಾಯ್ತು. ನನಗೂ ಅದರಲ್ಲಿ ತಲೆ ನೋಯ್ತಿತ್ತು ಮಾರಾಯ. ಯಾರೂ ಕೇಳ್ಲಿಲ್ಲ ಅಂತ ಹೇಳ್ಲಿಲ್ಲ." ಆ ಒಂದು ಮಾತಿಗೆ ನಾನು ಅಜ್ಜಿಯನ್ನು ಜೀವಮಾನವಿಡೀ ಪ್ರೀತಿಸಿದೆ. ನಿಜ ಹೇಳಿದ್ದಕ್ಕೆ ಪೆಟ್ಟು ಬಿದ್ದದ್ದು ಅದೇ ಮೊದಲಲ್ಲ, ಆದರೆ ಸುಳ್ಳಿಗೆ ದಾರಿ ಇದ್ದೂ ಹೋಗಲಿಲ್ಲ ಎಂದು ನನಗೆ ನನ್ನ ಬಗ್ಗೆ ಹೆಮ್ಮೆ ಅನಿಸಿದ್ದು ಮೊದಲ ಸಲ. ಬೆನ್ನು ಉರಿಯುತ್ತಿತ್ತು, ಊಟ ಮಾತ್ರ ಚೆನ್ನಾಗಿ ಮಾಡಿದೆ.

ಮರುವಾರ ಅಮ್ಮ ಒಂದು ಕೆಲಸ ಮಾಡಿದಳು. ಮಾವ ಕಾರ್ಖಾನೆಗೆ ಹೋದ ಮೇಲೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ನನ್ನ ಕೈ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಮಾರ್ಕೆಟ್ಟಿನಿಂದಾಚೆ ಒಬ್ಬಳೇ ಹೋದವಳಲ್ಲ ಅವಳು. ಡಾಕ್ಟರು ಬ್ಯಾಟರಿ ಹಾಕಿ ನೋಡಿದರು. ಕರಿಗುಡ್ಡೆಯ ಮೇಲೆ ಗಾಯ ಮಾಸಿದ ಗುರುತು ಉಂಟು, ಓದಿಗೂ ಇದಕ್ಕೂ ಸಂಬಂಧ ಇಲ್ಲ, ಒಳ್ಳೆಯ ಗಾಜಿನ ಕೂಲಿಂಗ್ ಗ್ಲಾಸ್ ಇಲ್ಲದೆ ಬಿಸಿಲಿಗೆ ಹೋಗಬಾರದು ಎಂದು ಹೇಳಿ, ಅದನ್ನೇ ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟರು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ, ಆದರೆ ಅಣ್ಣನ ಸ್ವಭಾವ ಗೊತ್ತಿತ್ತು. ಬಾಯಿಮಾತಿಗೆ ಬಗ್ಗದ ಮಾವ ಬರೆದ ಕಾಗದಕ್ಕೆ ಬಗ್ಗುತ್ತಿದ್ದರು. ಅದು ಇಂಗ್ಲಿಷಿನಲ್ಲಿದ್ದು ಕೆಳಗೆ ಸಹಿಯೂ ಇದ್ದರೆ ಕೇಳುವುದೇ ಬೇಡ. ಚೀಟಿಯನ್ನು ಅವರು ಮೂರು ಸಲ ಓದಿದರು. ಕೇಳದೆ ಹೋದದ್ದಕ್ಕೆ ಅಮ್ಮನನ್ನು ಬೈದರು. ಆಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿ, ಭಾನುವಾರ ಪೇಟೆಗೆ ಹೋಗುವ ಎಂದರು.

ಮಾವ ನನ್ನನ್ನು ಕರೆದುಕೊಂಡು ಹೋದದ್ದು ಪೇಟೆಯ ಮೋನು ಕಾಕನ ಕನ್ನಡಕದ ಅಂಗಡಿಗೆ. ಅಂಗಡಿ ಎಂದರೆ ಎರಡು ಹಲಗೆ ಬಾಗಿಲು, ಒಂದು ಗಾಜಿನ ಕಪಾಟು, ಒಂದು ಸ್ಟೂಲು, ಗೋಡೆಗೆ ಆಳೆತ್ತರದ ಒಂದು ಕನ್ನಡಿ. ಅವರು ಬ್ಯಾರಿಗಳು, ಅಂದರೆ ಕರಾವಳಿಯ ಮುಸಲ್ಮಾನರು, ಉಳ್ಳಾಲದವರು. ಮುಂಬಯಿಯಲ್ಲಿ ಹತ್ತು ವರ್ಷ ಕನ್ನಡಕದ ಕೆಲಸ ಕಲಿತು ಬಂದವರು. ಬಿಳಿ ಟೋಪಿ, ಕುರುಚಲು ಗಡ್ಡ, ಮಾತು ಮಾತಿಗೆ ನಗು. ಮಾವ ಚೀಟಿ ತೋರಿಸಿ ಮತ್ತೆ ಜೇಬಿಗೆ ಹಾಕಿಕೊಂಡು, ಕಪಾಟಿನಲ್ಲಿದ್ದ ಒಂದು ಸಣ್ಣ ದುಂಡು ಕನ್ನಡಕ ತೋರಿಸಿದರು. ತೆಳು ತಂತಿಯದ್ದು, ಗಾಜಿಗೆ ಇದ್ದೂ ಇಲ್ಲದ ಹಾಗೆ ನೀಲಿ ಬಣ್ಣ. ದೂರದಿಂದ ನೋಡಿದರೆ ಓದುವ ಕನ್ನಡಕ ಎಂದೇ ಅನಿಸಬೇಕು, ಯಾರಿಗೂ ಗೊತ್ತಾಗಬಾರದು ಎಂಬುದು ಮಾವನ ಯೋಚನೆ. ಕಾಕ ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಹಾಕ್ಬೇಡ ಮಗಾ. ಮೊದ್ಲು ಕೈ ಉದ್ದ ಮಾಡಿ ಹಿಡಿ. ಎದುರಿನ ಕಿಟಕಿಯ ಸಲಾಕೆ ಕಾಣ್ತದಾ? ಗಾಜಿನೊಳಗಿಂದ ಅದನ್ನು ನೋಡು. ಈಗ ಮೆಲ್ಲ ಮೇಲೆ ಕೆಳಗೆ ಆಡಿಸು. ಸಲಾಕೆ ಎಂತ ಮಾಡ್ತದೆ?"

"ಕುಣೀತದೆ."

"ಕುಣಿಯುವ ಗಾಜು ಬೇಡ. ಅದು ಬರೀ ಬಣ್ಣ ಹಾಕಿದ ಕಿಟಕಿ ಗಾಜು. ದಿನಾ ಹಾಕಿದ್ರೆ ತಲೆ ನೋವು ಬಿಡ್ಲಿಕ್ಕಿಲ್ಲ."

ಆಮೇಲೆ ನಾನು ಅಜ್ಜಿಯ ಕನ್ನಡಕದ ಕಥೆ ಹೇಳಿದೆ, ಬಾವಿಗೆ ಹಾಕಿದ್ದನ್ನೂ ಸೇರಿಸಿ. ಕಾಕ ಹೊಟ್ಟೆ ಹಿಡಿದು ನಕ್ಕರು. "ಕಪ್ಪು ಜಾಸ್ತಿ ಆದ್ರೆ ಒಳ್ಳೆದು ಅಂತ ಎಲ್ರೂ ಇಲ್ಲಿ ಬಂದು ಕೇಳುವುದು ರೈಟರ್‌ರೇ. ಹಾಗಲ್ಲ. ಕತ್ತಲೆ ಮಾಡಿದ್ರೆ ಕಣ್ಣು ತನ್ನ ಬಾಗಿಲು ದೊಡ್ಡ ಮಾಡ್ತದೆ. ಆಗ ಬದಿಯಿಂದ ಬಿಸಿಲು ಸೀದಾ ಒಳಗೆ. ಬೇಕಾದ್ದು ಕಪ್ಪಲ್ಲ, ಸರಿಯಾದ ಗಾಜು, ಬದಿ ಮುಚ್ಚುವ ಫ್ರೇಮು." ಅವರು ಒಂದೊಂದಾಗಿ ತೆಗೆದು ನನ್ನ ಮುಖಕ್ಕೆ ಇಟ್ಟು ನೋಡಿದರು. ಒಂದು ಮೂಗಿನ ಮೇಲೆ ನಿಲ್ಲಲಿಲ್ಲ. ಇನ್ನೊಂದಕ್ಕೆ ಕಣ್ಣು ಪಿಳುಕಿಸಿದಾಗ ರೆಪ್ಪೆ ತಾಗುತ್ತಿತ್ತು. ಮತ್ತೊಂದು ದುಂಡಗಿತ್ತು, "ದುಂಡು ಮುಖಕ್ಕೆ ದುಂಡು ಕನ್ನಡಕ ಹಾಕಿದ್ರೆ ಇಡ್ಲಿ ಮೇಲೆ ಇಡ್ಲಿ ಇಟ್ಟ ಹಾಗೆ" ಎಂದು ಅದನ್ನೂ ಬದಿಗಿಟ್ಟರು. ಕೊನೆಗೆ ಕಪಾಟಿನ ಮೇಲಿನ ಸಾಲಿನಿಂದ ಒಂದನ್ನು ಇಳಿಸಿದರು. ಕಂದು ಬಣ್ಣದ ಗಾಜು, ಬೆಲ್ಲದ ಬಣ್ಣದ ದಪ್ಪ ಫ್ರೇಮು, ಮೂಲೆಗಳು ಸ್ವಲ್ಪ ಮೇಲಕ್ಕೆ ಎತ್ತಿದ ಚೌಕ. ಸಲಾಕೆ ಕುಣಿಯಲಿಲ್ಲ. ಫ್ರೇಮಿನ ಕಾಲನ್ನು ಬಿಸಿನೀರಿನ ಲೋಟಕ್ಕೆ ಅದ್ದಿ, ಬಗ್ಗಿಸಿ, ನನ್ನ ಕಿವಿಯ ಹಿಂದೆ ಕೂರಿಸಿದರು.

"ಈಗ ನಗು."

ನಾನು ಮಾವನನ್ನು ನೋಡಿದೆ. ಪೇಟೆಯಲ್ಲಿ, ಅಂಗಡಿಯಲ್ಲಿ, ಹೊರಗಿನ ಗಂಡಸಿನ ಎದುರು ಹೆಣ್ಣುಮಕ್ಕಳು ನಗುವ ಕ್ರಮ ನಮ್ಮ ಮನೆಯಲ್ಲಿ ಇರಲಿಲ್ಲ.

"ಹಲ್ಲು ಕಾಣುವ ಹಾಗೆ ನಗ್ಬೇಕು ಮಗಾ. ನಕ್ಕಾಗ ಕೆನ್ನೆ ಏರಿ ಕನ್ನಡಕ ಎತ್ತಿದ್ರೆ ಅದು ನಿನ್ನದಲ್ಲ. ಅಳುವ ಮುಖಕ್ಕೆ ಅಳತೆ ತೆಗೀಲಿಕ್ಕೆ ಆಗುವುದಿಲ್ಲ."

ನಾನು ನಕ್ಕೆ. ಮೊದಲು ನಾಚಿಕೆಯಿಂದ, ಆಮೇಲೆ ಸುಮ್ಮನೆ, ಆಮೇಲೆ ನಿಲ್ಲಿಸಲಾಗದೆ. ಕನ್ನಡಕ ಅಲುಗಲಿಲ್ಲ. ಕಾಕ ನನ್ನನ್ನು ಬಾಗಿಲಿನ ಹೊರಗೆ ಬಿಸಿಲಿಗೆ ನಿಲ್ಲಿಸಿದರು. ಹನ್ನೊಂದು ಗಂಟೆಯ ಬಿಸಿಲು, ರಸ್ತೆ, ಸೈಕಲ್ಲುಗಳು, ಎದುರಿನ ಅಂಗಡಿಯ ಬಿಳಿ ಗೋಡೆ. ಕಣ್ಣು ಮುಚ್ಚಲಿಲ್ಲ. ನೀರು ಬರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ನಾನು ಹಗಲಿನಲ್ಲಿ ಆಕಾಶ ನೋಡಿದೆ. ಒಳಗೆ ಬಂದು ಕನ್ನಡಿಯ ಎದುರು ನಿಂತೆ. ಮನೆಯ ಕನ್ನಡಿ ಮಾವ ಗಡ್ಡ ಕೆರೆಯುವ ಎತ್ತರದಲ್ಲಿತ್ತು, ಅದರಲ್ಲಿ ನನಗೆ ಕಾಣುತ್ತಿದ್ದದ್ದು ಬೈತಲೆ ಮತ್ತು ಎರಡು ಕೆಂಪು ಕಣ್ಣು. ಇಲ್ಲಿ ಕಂಡದ್ದು ಒಂದು ಪೂರ್ತಿ ಹುಡುಗಿ. ದುಂಡು ಮುಖದಲ್ಲೂ ಗಲ್ಲ ಚೂಪಾಗಿ ಕಾಣುತ್ತಿತ್ತು, ಕತ್ತು ಉದ್ದವಾಗಿತ್ತು, ಮುಖದಲ್ಲಿ ಏನೋ ಒಂದು ಗತ್ತು ಇತ್ತು. ನಾನು ಚಂದ ಇದ್ದೆ. ಹೀಗೆ ಬರೆಯಲು ಈಗಲೂ ಯಾರೋ ಮೂಗು ಮುರಿಯಬಹುದು ಎಂದು ಗೊತ್ತು. ಮುರಿಯಲಿ.

ಮಾವ ಕೊಡೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದರು. ಅವರಿಗೆ ನಾನು ಬಿಸಿಲಿನಲ್ಲಿ ಕಣ್ಣು ತೆರೆದು ನಿಂತದ್ದು ಕಂಡಿತ್ತು, ನನಗೆ ಗೊತ್ತು. ಕೊನೆಗೆ ಹೇಳಿದರು:

"ಆಗ್ಲಿ. ಅದನ್ನೇ ತೆಗೊಳ್ಳುವ. ಶಾಲೆಗೂ ಹೋಗು. ಆದ್ರೆ ಒಂದು ಮಾತು. ಯಾರು ಕೇಳಿದ್ರೂ ಮದ್ದಿಗೆ ಅಂತ ಹೇಳ್ಬೇಕು. ಚಂದಕ್ಕಲ್ಲ ಅಂತ. ಈಗ ನನ್ನೆದುರು ಹೇಳು, ಇದು ಮದ್ದಿಗೆ, ಚಂದಕ್ಕಲ್ಲ."

ಎಷ್ಟು ಸಣ್ಣ ಮಾತು ನೋಡಿ. ಹೇಳಿದ್ದರೆ ಕನ್ನಡಕ ನನ್ನದು, ಶಾಲೆ ನನ್ನದು. ಮಾವ ತಮ್ಮ ಮಟ್ಟಿಗೆ ಬಹಳ ಕೆಳಗೆ ಇಳಿದು ಬಂದಿದ್ದರು, ಅದೂ ನನಗೆ ಅರ್ಥವಾಗದೆ ಇರಲಿಲ್ಲ. ಆದರೆ ಕನ್ನಡಿಯಲ್ಲಿ ಆ ಹುಡುಗಿ ಇನ್ನೂ ನಿಂತಿದ್ದಳು. ಅವಳನ್ನು ಕಂಡು ಒಂದು ನಿಮಿಷವಾಗಿತ್ತು, ಅಷ್ಟರಲ್ಲೇ ಅವಳು ನನ್ನವಳಲ್ಲ ಎನ್ನಬೇಕಿತ್ತು. ನೋವಿದ್ದರೆ ಮಾತ್ರ ನಮಗೆ ಏನಾದರೂ ಸಿಗಬೇಕು, ಇಷ್ಟವಾಯಿತು ಎಂದರೆ ಸಿಗಬಾರದು. ನಮ್ಮ ಮನೆಯ ಹೆಂಗಸರೆಲ್ಲ ಹಾಗೆಯೇ ಬದುಕಿದ್ದರು. ಕಾಲು ನೋವು ಎಂದರೆ ಚಪ್ಪಲಿ, ತಲೆ ನೋವು ಎಂದರೆ ಕಾಫಿ. ಬೇಕು ಎಂದು ಬಾಯಿಬಿಟ್ಟು ಕೇಳಿ ಯಾರೂ ಏನನ್ನೂ ಪಡೆದದ್ದನ್ನು ನಾನು ಕಂಡಿರಲಿಲ್ಲ.

"ಮದ್ದಿಗೂ ಹೌದು ಮಾವ. ಚಂದಕ್ಕೂ ಹೌದು."

"ಎಂತ?"

"ಇದರಲ್ಲಿ ನಾನು ಚಂದ ಕಾಣ್ತೇನೆ. ಅದಕ್ಕೂ ಬೇಕು."

ಕಾಕ ಬಟ್ಟೆಯಿಂದ ಕಪಾಟು ಒರಸಲು ತೊಡಗಿದರು. ಮಾವ ನನ್ನ ಕಿವಿಯ ಹಿಂದಿನಿಂದ ಕನ್ನಡಕ ಬಿಡಿಸಿ, ಮಡಚಿ, ಕಪಾಟಿನ ಮೇಲಿಟ್ಟು ಹೊರಗೆ ನಡೆದರು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು, ನೀರು ಸುರಿಸುತ್ತ ಅವರ ಕೊಡೆಯ ಹಿಂದೆ ಮನೆಗೆ ಬಂದೆ. ದಾರಿಯಲ್ಲಿ ನೋಡಿದವರು ನಾನು ಅಳುತ್ತಿದ್ದೇನೆ ಎಂದುಕೊಂಡಿರಬೇಕು. ನಾನು ಅಳುತ್ತಿರಲಿಲ್ಲ. ಜಗಲಿ ಹತ್ತಿದ ಮಾವ ಜೇಬಿನಿಂದ ಚೀಟಿ ತೆಗೆದು, ತೀರ್ಪು ಓದುವವರ ಹಾಗೆ ಹೇಳಿದರು:

"ಕನ್ನಡಕ ಇಲ್ಲದೆ ಬಿಸಿಲಿಗೆ ಹೋಗ್ಬಾರ್ದು ಅಂತ ಡಾಕ್ಟ್ರು ಬರೆದಿದ್ದಾರೆ. ಕನ್ನಡಕ ಇಲ್ಲ. ಹಾಗಾದ್ರೆ ಶಾಲೆಯೂ ಇಲ್ಲ."

ಅಮ್ಮ ಸಾಹಸ ಮಾಡಿ ತಂದ ಚೀಟಿ ಹೀಗೆ ನನ್ನ ಮೇಲೆಯೇ ತಿರುಗಿ ಬಿತ್ತು. ಪರೀಕ್ಷೆಗೆ ಹತ್ತು ದಿನ ಇತ್ತು. ನಾನು ಅಡಿಗೆಮನೆಯ ಕತ್ತಲೆಯಲ್ಲಿ, ಗಾಜಿನ ಹಂಚಿನ ಬೆಳಕಿಗೆ ಪುಸ್ತಕ ಹಿಡಿದು, ಮುಖವನ್ನು ನೆರಳಿನಲ್ಲಿ ಇಟ್ಟುಕೊಂಡು ಓದಿದೆ. ಮಾವ ನನ್ನ ಬಟ್ಟಲಿಗೆ ಮೀನು ಹಾಕುವುದನ್ನು ನಿಲ್ಲಿಸಿದರು. ನಾನೂ ಅವರ ಕೊಡೆ ತೆಗೆದುಕೊಡುವುದನ್ನು ನಿಲ್ಲಿಸಿದೆ. ಮೂರನೆಯ ದಿನ ಅಕ್ಕಿ ಅರೆಯುತ್ತ ಅಮ್ಮ ಕೇಳಿದಳು:

"ಒಂದು ಮಾತು ಹೇಳಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು ಮಾರಾಯ್ತಿ? ಚಂದಕ್ಕಲ್ಲ ಅಂತ ಹೇಳಿ, ಹಾಕ್ಕೊಂಡು ಚಂದ ಕಾಣ್ಬಹುದಿತ್ತಲ್ಲ. ನಾವೆಲ್ಲ ಹಾಗೇ ಅಲ್ವ ಮಾಡುವುದು?"

"ನೀವು ಮಾಡಿ. ನನಗೆ ಆಗುವುದಿಲ್ಲ."

"ಈಗ್ಲೂ ಹೇಳಬಹುದು. ಅಣ್ಣ ಕಾಯ್ತಾ ಇದ್ದಾರೆ, ನನಗೆ ಗೊತ್ತುಂಟು."

"ಅಮ್ಮ, ನಾನು ನಿಜವಾಗಿ ಚಂದ ಇದ್ದೆ. ನೀನು ನೋಡ್ಲಿಲ್ಲ. ನೀನು ನೋಡಿದ್ರೆ ನಿನಗೂ ಸುಳ್ಳು ಹೇಳ್ಲಿಕ್ಕೆ ಆಗ್ತಿರಲಿಲ್ಲ."

ಅಮ್ಮ ಅರೆಯುವುದನ್ನು ನಿಲ್ಲಿಸಿದಳು. ಕಲ್ಲಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿ ಮತ್ತೆ ಅರೆದಳು. ನನ್ನ ಧೈರ್ಯ ಅಲ್ಲಿಗೆ ಮುಗಿದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಪರೀಕ್ಷೆಗೆ ನಾಲ್ಕು ದಿನ ಉಳಿದಾಗ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು 'ಮದ್ದಿಗೆ, ಚಂದಕ್ಕಲ್ಲ' ಎಂದು ಹೇಳಿ ನೋಡಿದೆ. ಮಾತು ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬಂದದ್ದಕ್ಕೆ ಹೆದರಿಕೆಯಾಗಿ ತಲೆಯ ಮೇಲೆ ನೀರು ಸುರಿದುಕೊಂಡೆ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅಮ್ಮ ಅಂಗಡಿಗೆ ಸಂಡಿಗೆ ಮಾರಲೆಂದು ಪೇಟೆಗೆ ಹೋದವಳು ತಡವಾಗಿ ಬಂದಳು. ನನ್ನ ಗಂಜಿಯ ಬಟ್ಟಲಿನ ಪಕ್ಕದಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟಳು. ಬಿಚ್ಚಿದರೆ ಕಂದು ಗಾಜು, ಬೆಲ್ಲದ ಬಣ್ಣದ ಫ್ರೇಮು.

"ಯಾವುದು ಅಂತ ಹೇಗೆ ಗೊತ್ತಾಯ್ತು ನಿನಗೆ?"

"ನನಗೆಂತ ಗೊತ್ತು? ನನ್ನ ಮಗಳು ನಕ್ಕ ಕನ್ನಡಕ ಯಾವುದು ಅದು ಕೊಡಿ ಕಾಕ ಅಂತ ಕೇಳಿದೆ. ತೆಗೆದಿಟ್ಟಿದ್ರು." ಅವಳು ಸೆರಗಿನಿಂದ ಕತ್ತು ಒರಸಿಕೊಂಡಳು. "ಹಾಕು, ನೋಡುವ."

ಹಾಕಿದೆ. ಅಮ್ಮ ನನ್ನ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ ನೋಡಿದಳು. ಚಂದ ಎಂದು ಹೇಳಲಿಲ್ಲ, ಅವಳಿಗೆ ಆ ಮಾತು ಅಭ್ಯಾಸ ಇರಲಿಲ್ಲ. ಆದರೆ ಗಲ್ಲ ಬಿಡಲು ತುಂಬ ಹೊತ್ತು ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಮಾವ ಜಗಲಿಯಲ್ಲಿ ಪೇಪರು ಓದುತ್ತ ಕೂತಿದ್ದರು, ಬೆನ್ನು ಒಂದು ಕಂಬಕ್ಕೆ, ಚಾಚಿದ ಕಾಲು ಇನ್ನೊಂದು ಕಂಬದವರೆಗೆ. ಮೆಟ್ಟಿಲಿಗೆ ಹೋಗುವ ದಾರಿ ಆ ಎರಡು ಕಂಬಗಳ ನಡುವೆಯೇ. ಎಂದಿನ ದಿನ ಹಾಗಿದ್ದರೆ ನಾವು ಬರುವ ಸದ್ದಿಗೇ ಕಾಲು ಮಡಚುತ್ತಿದ್ದರು. ಹಿರಿಯರ ಚಾಚಿದ ಕಾಲನ್ನು ದಾಟುವುದು ನಮ್ಮಲ್ಲಿ ಮುಖಕ್ಕೆ ಉಗಿದ ಹಾಗೆ. ಚಿಕ್ಕ ಮಗು ಗೊತ್ತಿಲ್ಲದೆ ದಾಟಿದರೂ ಹಿಂದೆ ಕರೆದು, ಮತ್ತೆ ದಾಟಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿಸುತ್ತಾರೆ. ನಾನು ಪುಸ್ತಕದ ಚೀಲ ಹೆಗಲಿಗೆ ಹಾಕಿ, ಕನ್ನಡಕ ಹಾಕಿ ಬಾಗಿಲಿಗೆ ಬಂದೆ. ಮಾವ ಪೇಪರಿನ ಅಂಚಿನಿಂದ ನೋಡಿದರು.

"ಅದು ಎಲ್ಲಿಂದ ಬಂತು?"

"ನಾನು ತಂದದ್ದು ಅಣ್ಣ," ನನ್ನ ಹಿಂದಿನಿಂದ ಅಮ್ಮ ಹೇಳಿದಳು. "ಸಂಡಿಗೆ ಮಾರಿದ ದುಡ್ಡಲ್ಲಿ ತಂದದ್ದು."

ಮಾವ ಪೇಪರು ತಿರುವಿದರು. ನಾವಿಬ್ಬರೂ ನಿಂತೇ ಇದ್ದೆವು. ಓಣಿಯಲ್ಲಿ ಹಾಲಿನವಳು ಹೋದಳು, ನನ್ನನ್ನು ನೋಡಿ ನಡಿಗೆ ನಿಧಾನ ಮಾಡಿದಳು. ಮಾವನಿಗೂ ಅದು ಕಂಡಿತು.

"ಹೋಗುವುದಾದ್ರೆ ಹಿಂದಿನ ಬಾಗಿಲಿಂದ ಹೋಗ್ಲಿ. ಬಾವಿಯ ಬದಿಯಿಂದ ದಾರಿ ಉಂಟಲ್ಲ."

ಅದೂ ಸಣ್ಣ ಮಾತೇ. ಬಾವಿಯ ಬದಿಯಿಂದ ಹೋದರೂ ಶಾಲೆ ಸಿಗುತ್ತದೆ, ಐದೇ ನಿಮಿಷ ಹೆಚ್ಚು. ಆ ದಾರಿಯಲ್ಲಿ ಹೋಗುವುದು ಮೀನಿನ ಮುಸುರೆ, ಬೂದಿ, ಮೈಲಿಗೆ ಬಟ್ಟೆ.

"ನಾನು ಮುಂದಿನಿಂದ ಹೋಗ್ತೇನೆ ಮಾವ. ಕಾಲು ತೆಗೀರಿ."

ಅವರು ತೆಗೆಯಲಿಲ್ಲ. ಪೇಪರು ಮುಖಕ್ಕೆ ಅಡ್ಡ ಬಂತು. ಅವರ ಕಾಲಿನ ಹೆಬ್ಬೆರಳು ಒಮ್ಮೆ ಅಲುಗಿದ್ದನ್ನು ನಾನು ಕಂಡೆ. ಕಾಲು ಮಡಚಲು ಮನಸ್ಸು ಬಂದಿತ್ತೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವರನ್ನು ನಾನು ಆ ದಿನಕ್ಕಾಗಿ ಕ್ಷಮಿಸಿಲ್ಲ, ಆದರೆ ಆ ಹೆಬ್ಬೆರಳಿಗಾಗಿ ಕ್ಷಮಿಸಬೇಕೆಂದು ಎಷ್ಟೋ ಸಲ ಅನಿಸಿದೆ. ನಾನು ಲಂಗ ಎತ್ತಿ ಹಿಡಿದು ದಾಟಿದೆ. ಮೆಟ್ಟಿಲು ಇಳಿದು ಬಿಸಿಲಿಗೆ ಬಂದು ನಿಂತೆ. ಕರೆದು ವಾಪಸು ದಾಟಿಸುತ್ತಾರೆ ಎಂದು ಕಾದೆ. ಯಾರೂ ಕರೆಯಲಿಲ್ಲ. ಆಗ ಬಾಗಿಲಿನ ಕಡೆ ಸೀರೆಯ ಸದ್ದಾಯಿತು.

ಅಣ್ಣ ಕೂತಲ್ಲಿ ಎಂದೂ ಕೂರದ ಅಮ್ಮ, ಅಣ್ಣ ಉಂಡ ಮೇಲೆಯೇ ಉಂಡ ಅಮ್ಮ, ಎರಡೂ ಕೈಯಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು ಒಂದು ಕ್ಷಣ ಆ ಕಾಲುಗಳ ಮುಂದೆ ನಿಂತಳು. ಆಮೇಲೆ ದಾಟಿದಳು. ಮುಟ್ಟಿ ನಮಸ್ಕಾರ ಮಾಡಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಮೆಟ್ಟಿಲಿಳಿದು ಬಂದು, ನನ್ನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

"ನಡಿ," ಎಂದಳು. "ಬೆಲ್ ಆಗ್ತದೆ."